ಏಳನೆಯ ಪಾಠದ ಖಾಲಿ ಅರ್ಧ ಪುಟ

ನಮ್ಮ ಪುಸ್ತಿಕೆಯ ಏಳನೆಯ ಪಾಠದಲ್ಲಿ ಒಂದು ಮನೆಯ ನಕ್ಷೆ ಇದೆ. ಅದರ ಕೆಳಗೆ ಒಂದೇ ಒಂದು ಪ್ರಶ್ನೆ. ಆಮೇಲೆ ಅರ್ಧ ಪುಟ ಖಾಲಿ. ಪ್ರಿಂಟಿಂಗ್ ಮಿಸ್ಟೇಕ್ ಎಂದುಕೊಂಡು ಈಗಲೂ ಫೋನ್ ಮಾಡುವವರಿದ್ದಾರೆ. "ಟೀಚರ್ರ, ನಮ್ಮ ಕಾಪಿಯೊಳಗ ಉತ್ತರನೇ ಬಂದಿಲ್ರಿ" ಅನ್ನುತ್ತಾರೆ. ಯಾರ ಕಾಪಿಯಲ್ಲೂ ಬಂದಿಲ್ಲ ಎಂದು ಹೇಳಿ ನಗುತ್ತೇನೆ. ಅಷ್ಟು ಜಾಗ ಖಾಲಿ ಬಿಡುವುದನ್ನು ಕಲಿಯಲು ನನಗೆ ಎಪ್ಪತ್ತೊಂದು ವರ್ಷ ಬೇಕಾಯಿತು. ಕಲಿಸಿದವರು ಕೊಡ್ಲಿಯ ಒಬ್ಬ ಅಜ್ಜಿ, ಸೇಡಂನ ಒಬ್ಬ ಅತ್ತೆ, ಒಬ್ಬ ಸೊಸೆ ಮತ್ತು ಒಬ್ಬ ಹಟದ ಮಾವ. ಅವರಿಗೆ ಥ್ಯಾಂಕ್ಸ್ ಹೇಳುವುದಕ್ಕೆಂದೇ ಇದನ್ನು ಬರೆಯಲು ಕುಳಿತಿದ್ದೇನೆ.

ಕೆಲಸ ಬಂದದ್ದು ಪಾಸ್ಟರ್ ಕಡೆಯಿಂದ. ಶಹಾಬಾದಿನ ನನ್ನ ಮನೆಗೆ ಬಂದು, ಚಹಾ ಕುಡಿದು, ಹೆಂಗಸರ ಗುಂಪುಗಳಿಗಾಗಿ ಹನ್ನೆರಡು ಪಾಠಗಳ ಒಂದು ಪುಸ್ತಿಕೆ ಬರೆದುಕೊಡಿ ಎಂದರು. ವಿಷಯ, ಪೌಲನು ಕೊರಿಂಥದ ಸಭೆಗೆ ಬರೆದ ಮೊದಲ ಪತ್ರ. "ಬರೇ ಅರ್ಥ ಹೇಳೋದಲ್ಲ ಟೀಚರ್. ಆ ಕಾಲದ ಊರು, ಮನೆ, ಊಟ, ಬಟ್ಟೆ ಎಲ್ಲ ತಿಳಿದು ಓದಬೇಕು. ಬ್ಯಾಕ್‌ಗ್ರೌಂಡ್ ಇರಬೇಕು" ಎಂದರು. ನಾನು ಹೈಸ್ಕೂಲಿನಲ್ಲಿ ಹಿಸ್ಟರಿ ಕಲಿಸಿದವಳು. ಬ್ಯಾಕ್‌ಗ್ರೌಂಡ್ ಎಂಬ ಮಾತು ಕೇಳಿದರೆ ಈ ವಯಸ್ಸಿನಲ್ಲೂ ಬೆನ್ನು ನೆಟ್ಟಗಾಗುತ್ತದೆ.

ಪಾಸ್ಟರ್ ನಾಲ್ಕು ದಪ್ಪ ಇಂಗ್ಲಿಷ್ ಕಾಮೆಂಟರಿಗಳನ್ನು ತಂದುಕೊಟ್ಟರು. ಬೆಳಗಿನ ಹೊತ್ತು ಓದಿ, ರಟ್ಟಿನ ತುಂಡುಗಳ ಮೇಲೆ ಒಂದೊಂದೇ ಸಂಗತಿ ಬರೆದಿಡುತ್ತಿದ್ದೆ. ಕೊರಿಂಥ ಎರಡು ಬಂದರುಗಳ ನಡುವಿನ ವ್ಯಾಪಾರದ ಊರು. ಆಗ ಚರ್ಚ್ ಕಟ್ಟಡ ಎಂಬುದೇ ಇರಲಿಲ್ಲ. ಅನುಕೂಲವಿದ್ದ ಯಾರಾದರೊಬ್ಬರ ಮನೆಯಲ್ಲಿ ಸೇರುತ್ತಿದ್ದರು. ಪತ್ರವನ್ನು ಒಬ್ಬರು ಬಾಯಿಂದ ಹೇಳಿದರೆ ಇನ್ನೊಬ್ಬರು ಬರೆದುಕೊಳ್ಳುತ್ತಿದ್ದರು. ಅಕ್ಷರ ಬಲ್ಲವರು ಕಡಿಮೆ. ಆದ್ದರಿಂದ ಪತ್ರ ತಲುಪಿದ ಮೇಲೆ ಒಬ್ಬರು ನಿಂತು ಗಟ್ಟಿಯಾಗಿ ಓದಬೇಕು, ಉಳಿದವರು ಕುಳಿತು ಕೇಳಬೇಕು. ಇಂಥ ಕಾರ್ಡುಗಳು ಒಂದು ಬಿಸ್ಕೀಟು ಡಬ್ಬಿ ತುಂಬಿದವು. ಡಬ್ಬಿಯಿಂದ ವಾರಕ್ಕೊಂದು ಪಾಠ ಬರೆದು, ಸ್ಟೇಷನ್ ರಸ್ತೆಯಲ್ಲಿ ಝೆರಾಕ್ಸ್ ಮಾಡಿಸಿ, ಐದು ಕಡೆ ಟ್ರಯಲ್ ನೋಡುತ್ತಿದ್ದೆ. ಸೋಮವಾರ ಶಹಾಬಾದ್, ಮಂಗಳವಾರ ವಾಡಿ, ಬುಧವಾರ ಚಿತ್ತಾಪುರ, ಗುರುವಾರ ಸೇಡಂ. ಶಹಾಬಾದ್ ಬಿಟ್ಟು ಉಳಿದವಕ್ಕೆ ರೈಲಿನಲ್ಲಿ. ಗುರುವಾರ ಸೇಡಂನಲ್ಲೇ ನನ್ನ ಹಳೆಯ ವಿದ್ಯಾರ್ಥಿನಿಯ ಮನೆಯಲ್ಲಿ ಉಳಿದು, ಶುಕ್ರವಾರ ಬಸ್ಸಿನಲ್ಲಿ ಚಿಂಚೋಳಿ ಕಡೆಗೆ ಹೋಗಿ ಕೊಡ್ಲಿಯಲ್ಲಿ ಇಳಿಯುವುದು. ಅಲ್ಲಿ ಒಬ್ಬ ಅಜ್ಜಿಯ ಮನೆಯ ಪಡಸಾಲೆಯಲ್ಲಿ ಕ್ಲಾಸು.

ಮೊದಲ ಆರು ಪಾಠ ಚೆನ್ನಾಗಿಯೇ ನಡೆದವು. ಈ ಪತ್ರ ಕೊರಿಂಥದವರು ಮೊದಲು ಬರೆದ ಒಂದು ಪತ್ರಕ್ಕೆ ಉತ್ತರ, ಅವರ ಪತ್ರ ನಮಗೆ ಸಿಕ್ಕಿಲ್ಲ ಎಂದು ಹೇಗೆ ತಿಳಿಸುವುದು? ವಾಡಿಯಲ್ಲಿ ನನ್ನ ಫೋನ್ ಕಿವಿಗೆ ಹಿಡಿದು, "ಹೂಂ... ಜ್ವರ ಇಳೀತೇನು?... ಬ್ಯಾಡ, ತಣ್ಣೀರು ಕೊಡಬ್ಯಾಡ... ಅವರಿಗೆ ಹೇಳಬ್ಯಾಡ ಮತ್ತ" ಎಂದು ಸುಮ್ಮನೆ ಮಾತಾಡಿ, ಆ ಕಡೆ ಯಾರಿದ್ದರು ಹೇಳಿ ಎಂದೆ. ಮಗಳು, ಮೊಮ್ಮಗನಿಗೆ ಜ್ವರ, ಬೀಗರಿಗೆ ಗೊತ್ತಾಗಬಾರದು ಎಂದು ಹೆಂಗಸರೆಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟರು. ಪತ್ರವನ್ನೂ ಹೀಗೆ ಓದಬೇಕು, ಒಂದು ಕಡೆಯ ಮಾತು ಕೇಳಿ ಇನ್ನೊಂದು ಕಡೆ ಊಹಿಸಬೇಕು ಎಂದೆ. ಅವತ್ತು ವಾಡಿಯಿಂದ ಮರಳುವಾಗ ರೈಲಿನಲ್ಲಿ ನನಗೆ ನನ್ನ ಮೇಲೆಯೇ ಬಹಳ ಪ್ರೀತಿ ಬಂದಿತ್ತು.

ಏಳನೆಯ ಪಾಠ ತಲೆಯ ಮೇಲಿನ ಮುಸುಕಿನದು. ಪ್ರಾರ್ಥನೆ ಮಾಡುವ, ದೇವರ ಮಾತು ನುಡಿಯುವ ಹೆಂಗಸು ತಲೆ ಮುಚ್ಚಿಕೊಳ್ಳಲಿ ಎಂಬ ಅರ್ಥದ ಮಾತು ಪತ್ರದ ನಡುವೆ ಬರುತ್ತದೆ. ಅದಕ್ಕೆ ನನ್ನ ಹತ್ತಿರ ಹದಿನಾಲ್ಕು ಕಾರ್ಡುಗಳಿದ್ದವು. ಆದರೆ ಬರೆಯಲು ಕುಳಿತಾಗ ಕಾರ್ಡುಗಳಿಗಿಂತ ಮೊದಲು ಕಣ್ಣ ಮುಂದೆ ಬಂದದ್ದು ಬೋರ್ಡಿಂಗಿನ ಚಾಪೆಲ್. ಬಾಗಿಲ ಬಳಿ ಒಂದು ಬುಟ್ಟಿಯಲ್ಲಿ ಬಿಳಿ ಸ್ಕಾರ್ಫುಗಳು. ಒಮ್ಮೆ ನನಗೆ ಸ್ಕಾರ್ಫು ಸಿಗದೆ, ಸಿಸ್ಟರ್ ನನ್ನ ಕರ್ಚೀಫನ್ನೇ ತಲೆಗೆ ಪಿನ್ನು ಹಾಕಿ ನಿಲ್ಲಿಸಿದ್ದರು. ಪಿನ್ನು ಚುಚ್ಚುತ್ತಿತ್ತು. ಯಾಕೆ ಎಂದು ಕೇಳಿದ್ದಕ್ಕೆ "ಬಿಕಾಸ್ ಇಟ್ ಈಸ್ ದ ರೂಲ್, ಚೈಲ್ಡ್" ಎಂದರು. ಆ ಪ್ರೀತಿಯ ಸಿಸ್ಟರ್ ಈಗಿಲ್ಲ, ರೂಲೂ ಇಲ್ಲ. ನಾನು ಮದುವೆಯಾದವಳೂ ಅಲ್ಲ. ತಲೆ ಮುಚ್ಚುವುದೆಂದರೆ ನನಗೆ ಗೊತ್ತಿದ್ದದ್ದು ಆ ಪಿನ್ನು ಒಂದೇ.

ಹಾಗಾಗಿ ಬಹಳ ಕಾನ್ಫಿಡೆಂಟ್ ಆಗಿ ಬರೆದೆ: ಇದು ಆ ಕಾಲದ ಪದ್ಧತಿ, ಅಲ್ಲಿಗೆ ಮುಗಿಯಿತು, ಇಂದಿನ ಹೆಂಗಸರಿಗೆ ಇದರ ಹಂಗಿಲ್ಲ. ಹಂಗಿಲ್ಲ ಎಂಬುದರ ಕೆಳಗೆ ಗೆರೆಯನ್ನೂ ಎಳೆದೆ.

ಶಹಾಬಾದಿನ ಗುಂಪಿನಲ್ಲಿ ಇದಕ್ಕೆ ಚಪ್ಪಾಳೆ ಬಿತ್ತು. ಕೊಡ್ಲಿಯಲ್ಲಿ ಮಾತ್ರ ಪಡಸಾಲೆ ತಣ್ಣಗಾಯಿತು. ಹತ್ತು ಹನ್ನೆರಡು ಹೆಂಗಸರು, ಎಲ್ಲರ ತಲೆಯ ಮೇಲೂ ಸೆರಗು. ಮನೆಯ ಅಜ್ಜಿ ಸೆರಗಿನ ಅಂಚು ಹಿಡಿದುಕೊಂಡು, "ಅಂದ್ರ ನಾವೆಲ್ಲಾ ಹಳೇ ಕಾಲದೋರೇನ್ರಿ ಟೀಚರ್ರ?" ಎಂದಳು. "ಹಂಗಲ್ಲಮ್ಮ" ಎಂದು ನಕ್ಕು ಎಂಟನೆಯ ಪಾಠದ ಸೂಚನೆ ಕೊಟ್ಟು ಬಸ್ಸು ಹತ್ತಿದೆ. ಆ ಪ್ರಶ್ನೆಯ ಮುಂದೆ ನಾನು ನಿಲ್ಲಬೇಕಿತ್ತು.

ಮುಂದಿನ ಗುರುವಾರ ಸೇಡಂಗೆ ಹೋದರೆ ಅರ್ಧ ಜನ ಬಂದಿರಲಿಲ್ಲ. ಬಂದವರು ನನ್ನ ಮುಖ ನೋಡದೆ ನೆಲದ ಶಹಾಬಾದಿ ಕಲ್ಲು ನೋಡುತ್ತಿದ್ದರು. ಕಿಟಕಿಯ ಪಕ್ಕದಲ್ಲಿ, ನನ್ನ ಏಳನೆಯ ಪಾಠದ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಹಿಡಿದು ಆ ಸಭೆಯ ಓದುವ ಹುಡುಗಿ ಕುಳಿತಿದ್ದಳು.

ಆಕೆಯ ಬಗ್ಗೆ ಹೇಳಬೇಕು. ಸರಕಾರಿ ದವಾಖಾನೆಯಲ್ಲಿ ನರ್ಸ್. ಅದೇ ಸಭೆಯಲ್ಲಿ ಹುಟ್ಟಿ ಬೆಳೆದವಳು. ಹತ್ತು ವರ್ಷದವಳಿದ್ದಾಗಿನಿಂದ ಭಾನುವಾರದ ಆರಾಧನೆಯಲ್ಲಿ ಸ್ಟ್ಯಾಂಡಿನ ಮುಂದೆ ನಿಂತು ಶಾಸ್ತ್ರ ಓದುವುದು ಆಕೆಯದೇ ಕೆಲಸ. ಗಂಟೆ ಹೊಡೆದಂತೆ ದನಿ. ಎಂಟು ತಿಂಗಳ ಹಿಂದೆ ಅದೇ ಸಭೆಯ ಆಡಳಿತ ನೋಡುವ ಹಿರಿಯರ ಮಗನನ್ನು ಮದುವೆಯಾದಳು. ಆ ಮಾವನ ಕುರ್ಚಿ ಇರುವುದು ಓದುವ ಸ್ಟ್ಯಾಂಡಿನ ಪಕ್ಕದಲ್ಲೇ, ಒಂದು ಮೊಳ ದೂರದಲ್ಲಿ. ಮೂರನೆಯ ಸಾಲಿನಲ್ಲಿ ಆಕೆಯ ತಾಯಿ ಕೂರುತ್ತಾಳೆ. ಊರ ಹೊರಗೆ ಕೂಲಿಗೆ ಹೋಗುವ ಹೆಂಗಸು, ಅಕ್ಷರ ಬಾರದು. ಮೊದಲು ಮನೆಯಲ್ಲಿ ದಿನವೂ ಮಗಳು ಓದಿ ಹೇಳುತ್ತಿದ್ದಳು. ಮದುವೆಯ ನಂತರ ತಾಯಿಗೆ ಶಾಸ್ತ್ರ ಕೇಳಿಸುವುದು ಭಾನುವಾರ ಒಂದು ದಿನ, ಅದೂ ಆ ಸ್ಟ್ಯಾಂಡಿನಿಂದ.

ಮದುವೆಯಾದ ಮೇಲೆ ಮಾವನ ಮಾತಿಗೆ ಸೆರಗು ಹೊದ್ದು ಓದುತ್ತಿದ್ದಳಂತೆ. ಪುಟ ತಿರುವಿದಾಗ ಸೆರಗು ಜಾರುವುದು, ಒಂದು ಕೈ ಅದಕ್ಕೆ, ಒಂದು ಕೈ ಪುಟಕ್ಕೆ, ಸಾಲು ತಪ್ಪುವುದು. ನನ್ನ ಪಾಠ ಓದಿದ ಮೇಲಿನ ಭಾನುವಾರ ಸೆರಗನ್ನು ಹೆಗಲಿಗೆ ಬಿಟ್ಟು ಓದಲು ನಿಂತಳು. ನಾಲ್ಕು ಸಾಲು ಓದುವುದರೊಳಗೆ ಮಾವ ಎದ್ದು ಅವಳ ಮುಂದಿದ್ದ ಪುಸ್ತಕ ಮುಚ್ಚಿದರು. ಓದುವವರ ಪಟ್ಟಿಯಿಂದ ಹೆಸರೂ ಹೋಯಿತು.

"ಮನ್ಯಾಗ ಅವರ ಮುಂದ ಸೆರಗು ಇಲ್ದ ಎಂದೂ ನಿಂತಿಲ್ರಿ ನಾ" ಎಂದಳು. "ಅದು ಅತ್ತಿ ಮನಿ, ಅದರ ರೀತಿ ಅದಕ್ಕ. ನಾ ಯಾಕ ಬ್ಯಾಡ ಅನ್ನಲಿ? ಆದ್ರ ಇಲ್ಲಿ? ಈ ಕಲ್ಲಿನ ಮ್ಯಾಲ ಅಂಬೆಗಾಲಿಟ್ಟಾಕಿ ನಾ. ಇಲ್ಲೂ ಸೊಸೀನೇ ಏನು?"

"ನಾನು ಅವರ ಜೊತೆ ಮಾತಾಡ್ತೀನಿ" ಎಂದೆ.

"ಏನ್ ಮಾತಾಡ್ತೀರಿ? ನೀವು ಹಂಗಿಲ್ಲ ಅಂತ ಬರದ್ರಿ. ನಾ ನಂಬಿದೆ." ಮಡಿಸಿದ ಹಾಳೆಯನ್ನು ನನ್ನ ಕೈಗಿಟ್ಟಳು. "ನೀವು ರೈಲು ಹತ್ತಿ ಶಾಬಾದಕ್ಕ ಹೋಗ್ತೀರಿ ಟೀಚರ್ರ. ನಾ ಇಲ್ಲೇ ಇರಬೇಕು. ನಮ್ಮವ್ವ ಮೂರನೇ ಸಾಲಿನಾಗ ಕುಂತು ಯಾರದೋ ದನಿ ಕೇಳಬೇಕು."

ಹಾಳೆಯನ್ನು ಚೀಲದೊಳಗೆ ಇಟ್ಟುಕೊಂಡೆ. ಐ ವಾಸ್ ಅಶೇಮ್ಡ್, ಅಷ್ಟೇ.

ಆ ಸಂಜೆಯೇ ಮಾವನನ್ನು ಕಾಣಲು ಹೋದೆ. ರೈಲ್ವೆಯಿಂದ ರಿಟೈರ್ ಆದವರು, ಇಸ್ತ್ರಿ ಮಾಡಿದ ಬಿಳಿ ಅಂಗಿ. ಕುರ್ಚಿ ಕೊಟ್ಟರು, ನೀರು ಕೊಡಿಸಿದರು. "ಕುಂದ್ರಿ ಟೀಚರ್ರ. ನಿಮ್ಮ ಮ್ಯಾಲ ಸಿಟ್ಟಿಲ್ರಿ ನನಗ. ಆದ್ರ ಮನ್ಯಾಗ ತಲಿ ಮ್ಯಾಲ ಸೆರಗಿಲ್ದ ಎದುರಿಗೆ ಬರದಾಕಿ, ಅಷ್ಟು ಮಂದಿ ಮುಂದ ನನ್ನ ಮಗ್ಗಲದಾಗ ಹಂಗೇ ನಿಂತ್ರ ಮಂದಿ ಏನಂತಾರ? ಇವರ ಮನ್ಯಾಗ ಮರ್ಯಾದಿ ಇಲ್ಲ ಅಂತಾರ. ಅದೇ ಪತ್ರದಾಗ ಹೆಣ್ಣಮಕ್ಕಳು ಸಭಾದಾಗ ಸುಮ್ಮನಿರಲಿ ಅಂತನೂ ಅದ. ನೀವು ಓದೀರಿಲ್ಲೋ?"

ಓದಿದ್ದೆ. ಆ ಮಾತು ಪತ್ರದಲ್ಲಿ ಮುಂದೆ ಬರುತ್ತದೆ. ಅದನ್ನು ಹೇಗೆ ಅರ್ಥ ಮಾಡಬೇಕೆಂದು ಪಂಡಿತರ ಜಗಳ ಇನ್ನೂ ಮುಗಿದಿಲ್ಲ. ನಾನು ಅದನ್ನು ಹತ್ತನೆಯ ಪಾಠಕ್ಕೆಂದು ಡಬ್ಬಿಯ ತಳದಲ್ಲಿ ಇಟ್ಟಿದ್ದೆ. ನೀರು ಕುಡಿದು ಎದ್ದೆ.

ಮರುದಿನ ಕೊಡ್ಲಿಗೆ ಹೋಗುವಾಗ ಚೀಲದಲ್ಲಿ ಎಂಟನೆಯ ಪಾಠದ ಹಾಳೆಗಳಿದ್ದವು. ಹೊರಗೆ ತೆಗೆಯಲಿಲ್ಲ. ಪಡಸಾಲೆಯಲ್ಲಿ ಎಲ್ಲರೂ ಕುಳಿತ ಮೇಲೆ, "ಹೋದ ವಾರ ನಾನು ಹೇಳಿದೆ. ಈ ವಾರ ನೀವು ಹೇಳ್ರಿ. ಸೆರಗು ಯಾವಾಗ ತಲೆ ಮ್ಯಾಲ ಬರ್ತದ, ಯಾವಾಗ ಇಳೀತದ?" ಎಂದು ಕೇಳಿದೆ.

ಎಲ್ಲರೂ ಬಿದ್ದು ಬಿದ್ದು ನಕ್ಕರು.

"ಟೀಚರ್ರಿಗೆ ಅತ್ತಿ ಇಲ್ಲ, ಮಾವ ಇಲ್ಲ, ಹೆಂಗ ತಿಳೀಬೇಕು ಬಿಡ್ರೆ" ಎಂದಳು ಅಜ್ಜಿ. "ಏಳ್ರಿ, ಬರ್ರಿ ನನ್ನ ಕೂಡ."

ಕೈ ಹಿಡಿದು ಎಬ್ಬಿಸಿ ಹೊರಗೆ ಕರೆದುಕೊಂಡು ಹೋದಳು. ಊರ ಹೆಬ್ಬಾಗಿಲು, ಅಗಸಿಯ ತನಕ ನಡೆಸಿದಳು. ಹಿಂದೆ ಇಡೀ ಕ್ಲಾಸು. ಅಗಸಿಯ ಹೊರಗೆ ನಿಂತು ಸೆರಗು ಇಳಿಸಿದಳು. "ಇಲ್ಲಿ ಹೊಲಕ್ಕ ಹೋಗೋ ಹಾದಿ. ಕೆಲಸಕ್ಕ ಬಗ್ಗಬೇಕು, ಟೊಂಕಕ್ಕ ಸಿಗಿಸ್ತೀವಿ." ಅಗಸಿ ದಾಟಿದಳು, ಸೆರಗು ತಲೆಗೇರಿತು. "ಇದು ಅತ್ತಿ ಊರು. ಹಿರೇರು ಕುಂತಿರ್ತಾರ." ಒಂದು ಓಣಿಯ ಬಾಯಿಗೆ ಬಂದು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು. "ಇದು ಮಾವನ ಅಣ್ಣತಮ್ಮಂದಿರ ಓಣಿ." ತನ್ನ ಮನೆಯ ಅಡುಗೆ ಮನೆಗೆ ಬಂದು ಪೂರ್ತಿ ಕೆಳಗೆ ಬಿಟ್ಟಳು. "ಇಲ್ಲಿ ಹೆಂಗಸರೇ. ಯಾರ ಕಾಟಿಲ್ಲ."

"ಮತ್ತ ತವರು ಮನಿಯೊಳಗ?" ಎಂದೆ.

"ತವರಾಗ ಯಾರು ಹೊತ್ಕೋತಾರ್ರಿ? ಅಪ್ಪನ ಮುಂದ, ಅಣ್ಣನ ಮುಂದ? ಹೊತ್ಕೊಂಡು ಹೋದ್ರ ನಮ್ಮವ್ವ ಅಳ್ತಿದ್ಲು. ನನ್ನ ಮಗಳು ಹೊರಗಿನಾಕಿ ಬಂದಂಗ ಬಂದಾಳ ಅಂತ."

ಅದರ ಮೇಲೆ ಒಬ್ಬೊಬ್ಬರೂ ತಮ್ಮ ತಮ್ಮ ಓಣಿಯ ಕಥೆ ಶುರು ಮಾಡಿದರು. ಅಜ್ಜಿ ತನ್ನ ಮಾವನ ಕೆಮ್ಮಿನ ಬಗ್ಗೆ ಹೇಳಿದಳು. "ನಮ್ಮ ಮಾವ ಹೊಲದಿಂದ ಬಂದು ಅಂಗಳದಾಗ ನಿಂತು ಕೆಮ್ಮತಿದ್ದ. ಕೆಮ್ಮಿಲ್ಲ, ಏನಿಲ್ಲ ಅವಗ. ನಾವು ಹೆಂಗಿರ್ತೀವೋ ಏನೋ, ಸೆರಗು ಎಳಕೊಳ್ಳಾಕ ಟೈಮ್ ಕೊಡ್ತಿದ್ದ. ಅಷ್ಟೊತ್ತು ಬಿಸಿಲಾಗೇ ನಿಂದರ್ತಿದ್ದ. ಭಾಳ ಮರ್ಯಾದಿ ಮನಷ್ಯಾ."

ಆಗ ನಾನು ಚೀಲದಿಂದ ಕೊರಿಂಥದ ಮನೆಯ ನಕ್ಷೆ ತೆಗೆದೆ. ಬೀದಿಯ ಬಾಗಿಲು, ನಡುವೆ ಬಯಲಂಗಳ, ಅದರಾಚೆ ಊಟದ ಕೋಣೆ. ಹಿಂದಿನ ಪಾಠಕ್ಕಾಗಿ ಕಾಮೆಂಟರಿ ನೋಡಿ ಬರೆದದ್ದು. ನೆಲದ ಮೇಲೆ ಹರಡಿದೆ. ಅಂಥ ಊರುಗಳಲ್ಲಿ ಮದುವೆಯಾದ ಹೆಂಗಸು ಬೀದಿಗೆ ಬರುವಾಗ ತಲೆಯ ಮೇಲೆ ಹೊದ್ದುಕೊಳ್ಳುತ್ತಿದ್ದಳು ಎಂದು ಹಲವರು ಬರೆಯುತ್ತಾರೆ, ಮನೆಯೊಳಗೆ ಹಾಗಿರಲಿಲ್ಲ, ಎಲ್ಲವೂ ಖಚಿತವಾಗಿ ಗೊತ್ತಿಲ್ಲ ಎಂದೆ.

ಅಜ್ಜಿ ಅಂಗಳದ ಮೇಲೆ ಬೆರಳಿಟ್ಟಳು. "ಸಭಾ ಸೇರೋದು ಇಲ್ಲೇನ್ರಿ?"

"ಹೌದಮ್ಮ."

"ಮನಿ ಯಾರದು?"

"ಸಭೆಯೊಳಗಿನ ಯಾರದೋ ಒಬ್ಬರದು."

"ಅಂದ್ರ ಮನಿ ಮನೀನೇ. ಬರೋರು ಊರ ಮಂದಿ, ಗಂಡಸರು." ಬೆರಳನ್ನು ಬೀದಿಯ ಬಾಗಿಲಿಗೂ ಅಂಗಳಕ್ಕೂ ಎರಡು ಸಲ ಓಡಿಸಿದಳು. "ಪಾಪ, ಆ ಹೆಣ್ಣಮಕ್ಕಳಿಗೆ ಇದು ಮನಿಯೋ ಓಣಿಯೋ ತಿಳಿವಲ್ದು ಅಂತ ಕಾಣಸ್ತದ. ಒಬ್ಬಾಕಿ ಇಳಿಸ್ಯಾಳ, ಇನ್ನೊಬ್ಬಾಕಿ ಹೊತ್ಕೊಂಡಾಳ, ಜಗಳ ಹತ್ಯಾದ. ಅದಕ್ಕ ಇವರು ಪತ್ರ ಬರದಾರ."

ಇಂಥದೇ ಒಂದು ಊಹೆ ನನ್ನ ಹದಿನಾಲ್ಕು ಕಾರ್ಡುಗಳಲ್ಲಿ ಒಂದರ ಮೇಲೆ ಇತ್ತು, ಫುಟ್‌ನೋಟಿನಿಂದ ಇಳಿಸಿಕೊಂಡದ್ದು. ನಾನೇ ಬರೆದಿದ್ದೆ, ನನಗೇ ತಿಳಿದಿರಲಿಲ್ಲ. ಮೂಲೆಯಲ್ಲಿ ಕುಳಿತಿದ್ದ ಇನ್ನೊಬ್ಬಳು ಮೆಲ್ಲಗೆ ಕೇಳಿದಳು: "ಟೀಚರ್ರ, ಆಕಿ ಪ್ರಾರ್ಥನಾ ಮಾಡಾಕತ್ತಾಳಲ್ರಿ, ಎಲ್ಲರ ಮುಂದ, ಗಟ್ಟಿಯಾಗಿ? ಅದಕ್ಕ ಬ್ಯಾಡ ಅಂದಾರೇನು ಅಲ್ಲಿ?"

ಇಲ್ಲ. ಆ ಜಾಗದಲ್ಲಿ ಯಾರೂ ಬೇಡ ಎಂದಿಲ್ಲ. ತಲೆಯ ಮೇಲೆ ಏನಿರಬೇಕು ಎಂಬುದು ವಾದ, ಬಾಯಿ ತೆರೆದಿದ್ದಾಳೆ ಎಂಬುದು ಒಪ್ಪಿಕೊಂಡ ವಿಷಯ. ಸೇಡಂನ ಮಾವ ಪುಸ್ತಕ ಮುಚ್ಚಿದಾಗ ಮುಚ್ಚಿದ್ದು ಆ ಒಪ್ಪಿಕೊಂಡದ್ದನ್ನು. ನಾನು ಹಂಗಿಲ್ಲ ಎಂದು ಗೆರೆ ಎಳೆದಾಗ ಅಳಿಸಿದ್ದು ಈ ಪಡಸಾಲೆಯವರ ಇಡೀ ಬದುಕಿನ ಅರಿವನ್ನು. ತಪ್ಪು ಇಬ್ಬರದೂ. ಮೊದಲು ಮಾಡಿದವಳು ನಾನು.

ಬಸ್ಸಿನಲ್ಲಿ ಮರಳುವಾಗ ತೀರ್ಮಾನ ಮಾಡಿದೆ. ಏಳನೆಯ ಪಾಠವನ್ನು ಐದೂ ಕಡೆಯಿಂದ ವಾಪಸ್ ಪಡೆಯುವುದು. ಸೇಡಂನಲ್ಲಿ ಎಲ್ಲರೆದುರು ನಿಂತು ತಪ್ಪಾಯಿತು ಎನ್ನುವುದು. ಪಾಸ್ಟರಿಗೆ ಫೋನ್ ಮಾಡಿದರೆ ಅವರಿಗೆ ಗಾಬರಿ. "ಟೀಚರ್, ಪ್ಲೀಸ್. ಸುಮ್ಮನೆ ಪ್ರಿಂಟಿಗೆ ಕೊಡುವಾಗ ತಿದ್ದಿಬಿಡಿ. ಎಲ್ಲರ ಮುಂದೆ ತಪ್ಪು ಅಂದ್ರೆ ಉಳಿದ ಹನ್ನೊಂದನ್ನೂ ಯಾರು ನಂಬ್ತಾರೆ?" ಎಂದರು. ಅವರ ಮಾತಿನಲ್ಲೂ ಅರ್ಥವಿತ್ತು. ಆದರೆ ಓದುವ ಹುಡುಗಿ ಕಳೆದುಕೊಂಡದ್ದು ಎಲ್ಲರ ಮುಂದೆ. ನಾನು ಮನೆಯಲ್ಲಿ ಕುಳಿತು ತಿದ್ದಿದರೆ ಅದು ಅವಳಿಗೆ ಸಿಗುತ್ತಿರಲಿಲ್ಲ.

ಇನ್ನೊಂದನ್ನೂ ನಿಶ್ಚಯಿಸಿದೆ. ಪತ್ರವನ್ನು ನಾನು ಹನ್ನೆರಡು ತುಂಡು ಮಾಡಿ ಹಂಚಿದ್ದೆ. ಬರೆದವರು ಹಾಗೆ ಕಳಿಸಿರಲಿಲ್ಲ. ಒಬ್ಬರು ನಿಂತು ಮೊದಲಿನಿಂದ ಕೊನೆಯತನಕ ಓದಲಿ, ಉಳಿದವರು ಕೇಳಲಿ, ಆಮೇಲೆ ಜಗಳವಾಡಲಿ. ಶಹಾಬಾದಿಗೆ ಬಂದು ಆ ಹದಿನಾರು ಅಧ್ಯಾಯಗಳನ್ನು ದೊಡ್ಡ ಅಕ್ಷರದಲ್ಲಿ ಝೆರಾಕ್ಸ್ ಮಾಡಿಸಿ, ಅಧ್ಯಾಯದ, ವಚನದ ಅಂಕಿಗಳನ್ನೆಲ್ಲ ವೈಟ್ನರ್ ಹಚ್ಚಿ ಅಳಿಸಿದೆ. ಅಂಕಿಗಳು ಮೂಲ ಪತ್ರದಲ್ಲಿ ಇರಲಿಲ್ಲ, ನೂರಾರು ವರ್ಷಗಳ ನಂತರ ಬಂದವು. ಎರಡು ದಿನ ಹಿಡಿಯಿತು. ಬೆರಳುಗಳೆಲ್ಲ ವಾಡಿಯ ಸಿಮೆಂಟ್ ಕೆಲಸದವರ ಹಾಗೆ ಬೆಳ್ಳಗಾದವು. ಆ ವಾರ ರೈಲಿನಲ್ಲಿ ಹೋಗಿ ಹಳೆಯ ಹಾಳೆಗಳನ್ನು ಒಟ್ಟುಮಾಡಿದೆ. ವಾಡಿಯಲ್ಲಿ ಒಬ್ಬಳು, "ನಂದು ಕೊಡಲ್ರಿ, ರೊಟ್ಟಿ ಬುಟ್ಟಿ ತಳದಾಗ ಹಾಸೀನಿ. ಖರೇ ಅಂದ್ರ ನಿಮ್ಮ ಪಾಠದಾಗ ಅದೇ ಭಾಳ ಉಪಯೋಗ ಆಗ್ಯಾದ" ಎಂದಳು. ಅದೊಂದು ಹಾಳೆ ಮಾತ್ರ ಇನ್ನೂ ಎಲ್ಲೋ ಇದೆ.

ಭಾನುವಾರ ಸೇಡಂನಲ್ಲಿ ಆರಾಧನೆ ಮುಗಿದ ಮೇಲೆ ಮಾವ ನನಗೆ ಮಾತಾಡಲು ಹತ್ತು ನಿಮಿಷ ಕೊಟ್ಟರು. ಅವರ ಕುರ್ಚಿಯ ಪಕ್ಕದ ಅದೇ ಸ್ಟ್ಯಾಂಡು. ನಿಂತ ಮೇಲೆ ಗೊತ್ತಾಯಿತು, ಅಲ್ಲಿ ನಿಂತವರಿಗೆ ಮೂರನೆಯ ಸಾಲು ಎಷ್ಟು ಹತ್ತಿರ ಕಾಣುತ್ತದೆ ಎಂದು.

ನಾನು ಬರೆದದ್ದು ತಪ್ಪು ಎಂದೆ. ಹೊದ್ದವರ ರೀತಿಯನ್ನು ಅರಿಯದೆ ಹಂಗಿಲ್ಲ ಎಂದು ಬರೆದೆ, ಕ್ಷಮಿಸಿ ಎಂದೆ. ಆ ಮನೆಯ ನಕ್ಷೆಯನ್ನು ಬೋರ್ಡಿಗೆ ಅಂಟಿಸಿ, ಕೊಡ್ಲಿಯ ಅಗಸಿಯಿಂದ ಅಡುಗೆ ಮನೆಯವರೆಗೆ ಸೆರಗು ನಡೆದ ದಾರಿಯನ್ನು ಹೇಳಿದೆ. ಕೊರಿಂಥದ ಹೆಂಗಸರಿಗೆ ಸಭೆ ಸೇರುವ ಜಾಗ ಮನೆಯೋ ಓಣಿಯೋ ತಿಳಿಯದೆ ಜಗಳವಾಗಿರಬಹುದು, ಇದು ನನ್ನ ಬುದ್ಧಿಯಲ್ಲ, ಕೊಡ್ಲಿಯವರದು ಎಂದೆ. "ಹೆಣ್ಣಮಕ್ಕಳು ಸುಮ್ಮನಿರಲಿ ಅಂತ ಮುಂದೆ ಬರೆದದ್ದೂ ನಿಜ. ಎರಡೂ ಹೆಂಗ ಕೂಡ್ತಾವೋ ನನಗ ಗೊತ್ತಿಲ್ಲ. ಇವತ್ತು ಪೂರ್ತಿ ಪತ್ರ ಒಮ್ಮೆ ಕೇಳೋಣ. ಅದಕ್ಕಿಂತ ಮೊದಲು ಒಂದೇ ಪ್ರಶ್ನೆ. ನಾವು ಕುಂತಿರೋ ಈ ಮನೆ ನಿಮಗೆ ಯಾರದು?"

ಈಗ ಏಳನೆಯ ಪಾಠದ ನಕ್ಷೆಯ ಕೆಳಗಿರುವುದು ಇದೇ ಪ್ರಶ್ನೆ. ಮಾವ ನೇರ ಮುಂದೆ ನೋಡುತ್ತಿದ್ದರು.

ಹೆಂಗಸರ ಕಡೆಯ ಮೊದಲ ಸಾಲಿನಿಂದ ಹುಡುಗಿಯ ಅತ್ತೆ ಎದ್ದಳು. ತಲೆ ತುಂಬ ಸೆರಗು. ಆಕೆ ಸಭೆಯಲ್ಲಿ ಮಾತಾಡಿದ್ದನ್ನು ಅಲ್ಲಿ ಯಾರೂ ಕೇಳಿರಲಿಲ್ಲವಂತೆ.

"ನನಗ ಇದು ಅತ್ತಿ ಮನಿ" ಎಂದಳು. "ಚಿತ್ತಾಪುರದಿಂದ ಮದಿವಿಯಾಗಿ ಬಂದ ಮರುದಿನ ನಮ್ಮ ಅತ್ತಿ ಕೈ ಹಿಡಕೊಂಡು ಈ ಹೊಸ್ತಲಾ ದಾಟಿಸಿದ್ಲು. ಅವತ್ತು ಹೊತ್ತ ಸೆರಗು ಇಳಿಸಿಲ್ಲ. ಇನ್ನ ಇಳಿಸಲ್ಲ, ಇಳಿಸಿದ್ರ ಚಳಿ ಹತ್ತತದ."

ಕೆಲವರು ನಕ್ಕರು. ಅತ್ತೆ ನಗಲಿಲ್ಲ. ಸೊಸೆಯ ಕಡೆ ಕೈ ಮಾಡಿದಳು.

"ಆದ್ರ ಈಕಿ ಕೂಸಿದ್ದಾಗ ದೀಕ್ಷಾಸ್ನಾನದ ದಿನ ನೀರಿನ ಬಟ್ಟಲಾ ಹಿಡದಾಕಿ ನಾನೇ. ಈಕಿ ಹೊತ್ತಿದ್ದು ಹಾಲಿನ ವಾಸನಿ, ಸೆರಗಲ್ಲ. ಇದು ಆಕಿ ತವರು. ತವರಾಗ ಮಗಳ ತಲಿ ಮುಚ್ಚಿಸಿದ್ರ ಆಕಿ ಹಡದವ್ವ ಅಲ್ಲೇ ಕುಂತಾಳ, ನೋಡಾಕತ್ತಾಳ." ಕುಳಿತುಕೊಳ್ಳುವ ಮೊದಲು ಗಂಡನ ಕಡೆ ತಿರುಗದೆಯೇ ಸೇರಿಸಿದಳು: "ಮನಿಯೊಳಗಿನ ಮಾತು ಮನಿಯೊಳಗ. ಇಲ್ಲಿ ಓದ್ಲಿ."

ಮೂರನೆಯ ಸಾಲಿನಲ್ಲಿ ತಾಯಿ ತಲೆ ತಗ್ಗಿಸಿ ಕೈಯಲ್ಲಿದ್ದ ಚೀಲದ ಹಿಡಿಕೆಯನ್ನು ತಿರುವುತ್ತಿದ್ದಳು.

ಮಾವ ಎದ್ದು ನಿಂತರು. ಸ್ಟ್ಯಾಂಡಿನ ಕಡೆಗೆ ಬರುತ್ತಾರೆಂದು ನಾನು ಹಾಳೆಗಳ ಮೇಲೆ ಕೈ ಇಟ್ಟೆ. ಅವರು ಬರಲಿಲ್ಲ. ಕನ್ನಡಕ ತೆಗೆದು ಜೇಬಿಗೆ ಹಾಕಿ, ಸಾಲುಗಳ ನಡುವೆ ನಡೆದು ಬಾಗಿಲ ತನಕ ಹೋದರು. ಅಲ್ಲಿ ನಿಂತು, ಹಿಂದೆ ನೋಡದೆ, "ನಾ ಹೊರಗ ಕಟ್ಟಿ ಮ್ಯಾಲ ಕುಂದರ್ತೀನಿ. ಖಿಡಕಿ ತಗದದ, ಕೇಳಸ್ತದ. ಓದ್ಲಿ" ಎಂದರು.

ಓದುವ ಹುಡುಗಿ ಸ್ಟ್ಯಾಂಡಿಗೆ ಬಂದಳು. ಖಾಲಿ ಕುರ್ಚಿಯನ್ನು ಒಮ್ಮೆ ನೋಡಿದಳು. ಸೆರಗು ಹೆಗಲ ಮೇಲಿತ್ತು, ಎರಡೂ ಕೈ ಹಾಳೆಗಳಿಗೆ ಸಿಕ್ಕವು. ಶುರು ಮಾಡಿದಳು.

ಅಂಕಿಗಳಿಲ್ಲದ ಪತ್ರ ನಿಲ್ಲದೆ ಹರಿಯಿತು. ಬೈಗುಳ, ಬುದ್ಧಿಮಾತು, ಮಧ್ಯೆ ಮಧ್ಯೆ ವ್ಯಂಗ್ಯ. ಊಟಕ್ಕೆ ಕೂಡಿದಾಗ ಉಳ್ಳವರು ಮೊದಲೇ ತಿಂದು ಮುಗಿಸುವ ಮಾತು ಬಂದಾಗ ಹಿಂದಿನ ಸಾಲಿನ ಕೂಲಿಯವರು ಒಬ್ಬರನ್ನೊಬ್ಬರು ಮೊಣಕೈಯಿಂದ ತಿವಿದರು. ಮುಸುಕಿನ ಮಾತನ್ನೂ ಅವಳು ದನಿ ಏರಿಸದೆ, ಇಳಿಸದೆ, ಒಂದಕ್ಷರ ಬಿಡದೆ ಓದಿದಳು. ಹೆಂಗಸರು ಸುಮ್ಮನಿರಲಿ ಎಂಬಲ್ಲಿಗೆ ಬಂದಾಗ ಯಾರೋ ಕಿಸಕ್ಕನೆ ನಕ್ಕರು. ಅವಳು ನಿಂತು, ನಗು ಮುಗಿಯುವ ತನಕ ಕಾದು, ಅದನ್ನೂ ಓದಿದಳು. ನಾನು ಮೂರನೆಯ ಸಾಲನ್ನು ನೋಡುತ್ತಿದ್ದೆ. ತಾಯಿಯ ತುಟಿಗಳು ಮಗಳ ಹಿಂದೆ ಹಿಂದೆಯೇ ಅಲುಗುತ್ತಿದ್ದವು. ಕಿಟಕಿಯಾಚೆ ಕಟ್ಟೆಯ ಮೇಲೆ ಬಿಳಿ ಅಂಗಿಯ ಒಂದು ಹೆಗಲು ಕಾಣುತ್ತಿತ್ತು. ನೆರಳು ಸರಿದು ಅಲ್ಲಿಗೆ ಬಿಸಿಲು ಬಂದಿತ್ತು. ಹೆಗಲು ಮಾತ್ರ ಅಲ್ಲೇ ಇತ್ತು.

ಕೊನೆಯ ಹಾಳೆ. ಪತ್ರದ ಕೊನೆಯಲ್ಲಿ ದೊಡ್ಡ ಮಾತುಗಳಿಲ್ಲ. ಪ್ರಯಾಣದ ಯೋಚನೆ, ಯಾರು ಯಾವಾಗ ಬರುತ್ತಾರೆ, ಯಾರನ್ನು ಚೆನ್ನಾಗಿ ನೋಡಿಕೊಳ್ಳಿ, ಗಂಡಹೆಂಡತಿ ಇಬ್ಬರೂ ತಮ್ಮ ಮನೆಯಲ್ಲಿ ಕೂಡುವ ಸಭೆಯ ಜೊತೆ ಸೇರಿ ನಿಮಗೆ ವಂದನೆ ಹೇಳುತ್ತಾರೆ ಎಂಬಂಥ ಮಾತು. ಅಲ್ಲಿಗೆ ಬಂದಿದ್ದಳು.

ಬಾಗಿಲ ಹೊರಗೆ ಕೆಮ್ಮು ಕೇಳಿಸಿತು.

ಎರಡು ಸಲ. ಯಾವ ಕಾಯಿಲೆಯೂ ಇಲ್ಲದ, ಬರುತ್ತಿದ್ದೇನೆ ಎಂದು ಹೇಳುವ ಕೆಮ್ಮು. ಇಡೀ ಸಭೆಗೆ ಅದರ ಅರ್ಥ ಗೊತ್ತಿತ್ತು. ಕೊಡ್ಲಿಯ ಆ ಶುಕ್ರವಾರದಿಂದ ನನಗೂ ಗೊತ್ತಿತ್ತು. ಹುಡುಗಿ ನಿಂತಳು. ಅವಳ ಕೈ ತಾನಾಗಿಯೇ ಹಾಳೆ ಬಿಟ್ಟು ಹೆಗಲಿನ ಸೆರಗಿಗೆ ಹೋಯಿತು.

ಹೊಸ್ತಿಲಲ್ಲಿ ಮಾವ, ಬಿಸಿಲಿಗೆ ಬೆವತು ಒದ್ದೆಯಾದ ಬಿಳಿ ಅಂಗಿ.

"ಇರಲಿ, ಇರಲಿ" ಎಂದರು. "ಓದು ಮಗಳ."